ಕಿವಿ ಒಂದು ಹೇಳುತ್ತದೆ, ಅಳತೆಯ ನಕ್ಷೆ ಇನ್ನೊಂದು ಹೇಳುತ್ತದೆ: ಡ್ಯಾಕ್ ಕೊಳ್ಳುವಾಗ ಯಾವುದನ್ನು ನಂಬಬೇಕು?

ಬ್ರಹ್ಮಪುರದ ಕೇಳುಗ, ಕಲಬುರಗಿ

ಎಲ್ಲರಿಗೂ ಶರಣು ಶರಣಾರ್ಥಿ. ಹದಿನೆಂಟು ದಿನಗಳಿಂದ ಮನಸ್ಸನ್ನು ಕೊರೆಯುತ್ತಿರುವ ಪ್ರಶ್ನೆಯೊಂದನ್ನು ತಿಳಿದವರ ಮುಂದೆ ಇಡುತ್ತಿದ್ದೇನೆ. ಮೂರು ವರ್ಷಗಳಿಂದ ಲ್ಯಾಪ್‌ಟಾಪಿಗೆ 900 ರೂಪಾಯಿಯ ಸಣ್ಣ ಡಾಂಗಲ್ ಸಿಕ್ಕಿಸಿಕೊಂಡು ಸಂಗೀತ ಕೇಳುತ್ತಿದ್ದವನು ನಾನು. ಈಗ 14,500 ರೂಪಾಯಿ ಕೊಟ್ಟು ಮೇಜಿನ ಮೇಲಿಡುವ ಡ್ಯಾಕ್ ಒಂದನ್ನು, ಅಂದರೆ ಡಿಜಿಟಲ್ ಅಂಕಿಗಳನ್ನು ನಾದದ ವಿದ್ಯುತ್ ಸಂಕೇತವಾಗಿ ಬದಲಿಸುವ ಪೆಟ್ಟಿಗೆಯನ್ನು, ತರಿಸಿದ್ದೇನೆ. ಹೆಡ್‌ಫೋನ್ ಆಂಪ್ಲಿಫೈಯರ್ ಅದರೊಳಗೇ ಇದೆ. ಕೇಳುವುದಕ್ಕೆ ನನ್ನ ಬಳಿ ಎರಡು ಸಾಧನಗಳಿವೆ. ಒಂದು, ಕಿವಿಯನ್ನು ಪೂರ್ತಿ ಮುಚ್ಚುವ, ಚಪ್ಪಟೆ ಪೊರೆಯಿಂದ ನಾದ ಹೊರಡಿಸುವ ಪ್ಲೇನಾರ್ ಹೆಡ್‌ಫೋನ್. ಇನ್ನೊಂದು, ಕಿವಿಯೊಳಗೆ ಸೇರಿಸಿಕೊಳ್ಳುವ ಇಯರ್‌ಫೋನ್. ಅದರಲ್ಲಿ ಒಂದೊಂದು ಕಿವಿಗೂ ಮೂರು ಡ್ರೈವರ್‌ಗಳು, ಅಂದರೆ ನಾದ ಹೊರಡಿಸುವ ಪುಟ್ಟ ಘಟಕಗಳು, ಇವೆ.

ಹೊಸ ಪೆಟ್ಟಿಗೆ ಬಂದ ರಾತ್ರಿಯೇ ಎರಡರಲ್ಲೂ ವ್ಯತ್ಯಾಸ ಕೇಳಿಸಿತು. ಹೆಡ್‌ಫೋನಿನಲ್ಲಿ ಗಾಯಕರ ಹಿಂದಿನ ತಂಬೂರಿ ಬಿಡಿಸಿಟ್ಟಂತೆ ಬೇರೆಯಾಗಿ ಕೇಳಿತು, ತಬಲಾದ ಎಡಗೈ ಪೆಟ್ಟಿಗೆ ತೂಕ ಬಂತು. ಇಯರ್‌ಫೋನಿನಲ್ಲಿ ಆದ ಬದಲಾವಣೆ ಬೇರೆ ರೀತಿಯದು: ಸಕಾರ ಶಕಾರಗಳ ಚುಚ್ಚು ಇಳಿದು, ಒಟ್ಟು ನಾದ ಮೆತ್ತಗಾಯಿತು. ಎರಡು ಗಂಟೆ ಕೇಳಿದರೂ ಕಿವಿ ದಣಿಯಲಿಲ್ಲ. ಕೊಟ್ಟ ಹಣಕ್ಕೆ ಮೋಸವಿಲ್ಲವೆಂದು ಸಮಾಧಾನಪಟ್ಟೆ.

ಮರುದಿನ ಕಚೇರಿಯ ಸಹೋದ್ಯೋಗಿಯೊಬ್ಬರು ಡಾಂಗಲ್ ಮತ್ತು ಹೊಸ ಪೆಟ್ಟಿಗೆ ಎರಡರ ಅಳತೆಯ ನಕ್ಷೆಗಳನ್ನೂ ತೋರಿಸಿದರು. ಹಿನ್ನೆಲೆ ಸದ್ದು ಮತ್ತು ವಿಕೃತಿ, ಅಂದರೆ ನಾದ ಕೆಟ್ಟುಬರುವುದು, ಇವೆರಡಕ್ಕಿಂತ ಮೂಲ ಸ್ವರ ಎಷ್ಟು ಮೇಲಿದೆ ಎಂದು ಹೇಳುವ ಸಿನಾಡ್ ಎಂಬ ಅಂಕಿ ಡಾಂಗಲಿಗೆ 99 ಡೆಸಿಬೆಲ್, ಹೊಸದಕ್ಕೆ 118 ಡೆಸಿಬೆಲ್ ಇದೆ. ಎರಡೂ ಮನುಷ್ಯನ ಕಿವಿಗೆ ನಿಲುಕುವ ಮಿತಿಯನ್ನು ದಾಟಿವೆ, ನಿಮಗೆ ಕೇಳಿಸುತ್ತಿರುವುದು ಬೆಲೆಯ ಚೀಟಿ ಎಂದರು. ಅದೇ ಸಂಜೆ ಇನ್ನೊಬ್ಬ ಗೆಳೆಯರು ಇದಕ್ಕೆ ತದ್ವಿರುದ್ಧವಾಗಿ ವಾದಿಸಿದರು. ಡಿಜಿಟಲ್ ಎಂದರೆ ನಾದವನ್ನು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸುವುದು, ಕತ್ತರಿಸಿದ್ದನ್ನು ಕೂಡಿಸುವ ಹದ ಒಂದೊಂದು ಪೆಟ್ಟಿಗೆಗೆ ಒಂದೊಂದು, ಆ ಹದವನ್ನು ಮೀಟರು ಎಂದಿಗೂ ಹಿಡಿಯಲಾರದು ಎಂಬುದು ಅವರ ಮಾತು.

ಮೂವತ್ತು ದಿನಗಳೊಳಗೆ ಪೆಟ್ಟಿಗೆಯನ್ನು ಮರಳಿಸಲು ಅವಕಾಶವಿದೆ. ನಾನು ಸಂಬಳದಲ್ಲಿ ಬದುಕುವವನು, 14,500 ರೂಪಾಯಿ ನನಗೆ ಸಣ್ಣ ಮೊತ್ತವಲ್ಲ. ನನಗೆ ಕೇಳಿಸಿದ್ದು ಸುಳ್ಳೇ? ಸುಳ್ಳಾದರೆ ಎರಡು ಸಾಧನಗಳಲ್ಲಿ ಎರಡು ಬೇರೆ ಬೇರೆ ರೀತಿಯ ವ್ಯತ್ಯಾಸ ಏಕೆ ಕೇಳಿಸಬೇಕು? ದಯವಿಟ್ಟು ತಿಳಿಸಿ.

ಸೂಪರ್ ಮಾರ್ಕೆಟ್ ಮೆಕ್ಯಾನಿಕ್, ಕಲಬುರಗಿ

ಸರ್, ಮೂವತ್ತು ವರ್ಷಗಳಿಂದ ಟೇಪ್ ರೆಕಾರ್ಡರು, ಆಂಪ್ಲಿಫೈಯರುಗಳನ್ನು ಬಿಚ್ಚಿ ಕೂಡಿಸುತ್ತ ಬಂದವನಾಗಿ ಮೊದಲು ಒಂದೇ ಪ್ರಶ್ನೆ ಕೇಳುತ್ತೇನೆ. ಡಾಂಗಲ್, ಡ್ಯಾಕ್ ಎರಡನ್ನೂ ಹೋಲಿಸುವಾಗ ಧ್ವನಿಯ ಮಟ್ಟವನ್ನು ಸಮ ಮಾಡಿಕೊಂಡಿದ್ದಿರಾ? ಕಿವಿಯ ಅಂದಾಜಿನಿಂದ ಮಾಡಿದ್ದರೆ ಅದು ಸಮವಲ್ಲ.

ಕ್ಯಾಸೆಟ್ಟಿನ ಕಾಲದಲ್ಲಿ ನನ್ನ ಅಂಗಡಿಯಲ್ಲಿ ಒಂದೇ ಆಂಪ್ಲಿಫೈಯರಿಗೆ ಎರಡು ಡೆಕ್‌ಗಳನ್ನು ಜೋಡಿಸಿಟ್ಟಿರುತ್ತಿದ್ದೆ. ಯಾವ ಡೆಕ್‌ನ ಔಟ್‌ಪುಟ್ ಕೂದಲೆಳೆಯಷ್ಟು ಹೆಚ್ಚಿರುತ್ತಿತ್ತೋ ಅದನ್ನೇ ಗಿರಾಕಿಗಳು ಆರಿಸುತ್ತಿದ್ದರು. ಆದರೆ ‘ಇದರ ಸೌಂಡು ಜಾಸ್ತಿ’ ಎಂದು ಯಾರೂ ಹೇಳುತ್ತಿರಲಿಲ್ಲ. ‘ಇದು ಕ್ಲಿಯರ್ ಇದೆ’ ಎನ್ನುತ್ತಿದ್ದರು. ಒಳಗಿನ ಟ್ರಿಮ್ಮರನ್ನು ತಿರುಗಿಸಿ ಇನ್ನೊಂದು ಡೆಕ್ಕನ್ನು ಹೆಚ್ಚು ಮಾಡಿದರೆ ಅವರ ಆಯ್ಕೆಯೂ ತಿರುಗುತ್ತಿತ್ತು. ಅವರು ಸುಳ್ಳು ಹೇಳುತ್ತಿರಲಿಲ್ಲ, ಅವರ ಕಿವಿಗೆ ಹಾಗೆಯೇ ಕೇಳುತ್ತಿತ್ತು. ಮನುಷ್ಯನ ಕಿವಿ ಎಲ್ಲ ಸ್ವರಗಳನ್ನೂ ಎಲ್ಲ ಮಟ್ಟದಲ್ಲೂ ಒಂದೇ ತೆರನಾಗಿ ಕೇಳುವುದಿಲ್ಲ. ಧ್ವನಿ ಇಳಿದಂತೆ ಮಂದ್ರ ಮೊದಲು ಸೊರಗುತ್ತದೆ. ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ಎಂಬ ಇಬ್ಬರು 1933ರಲ್ಲೇ ಇದರ ನಕ್ಷೆ ಬರೆದಿಟ್ಟಿದ್ದಾರೆ. ಆದ್ದರಿಂದ ಅರ್ಧ ಡೆಸಿಬೆಲ್, ಒಂದು ಡೆಸಿಬೆಲ್ ಹೆಚ್ಚಾದಾಗ ಅದು ‘ಜೋರು’ ಎಂದು ಅನಿಸುವ ಬದಲು ‘ತುಂಬಿಕೊಂಡಿದೆ, ಬಿಡಿಸಿ ಕೇಳುತ್ತದೆ’ ಎಂದು ಅನಿಸುತ್ತದೆ. ನೀವು ಹೆಡ್‌ಫೋನಿನ ಬಗ್ಗೆ ಬರೆದಿರುವ ತಂಬೂರಿಯ ಮಾತು, ತಬಲಾದ ತೂಕದ ಮಾತು ನನಗೆ ತಕ್ಷಣ ಅಂಗಡಿಯ ಆ ಎರಡು ಡೆಕ್‌ಗಳನ್ನು ನೆನಪಿಸಿತು.

ಮನೆಯಲ್ಲಿ ಮಲ್ಟಿಮೀಟರ್ ಇದ್ದರೆ ಸಾಕು. ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ 100 ಹರ್ಟ್ಸ್‌ನ ಶುದ್ಧ ಸ್ವರವೊಂದನ್ನು ತಯಾರಿಸಿಕೊಳ್ಳಿ. ಅಗ್ಗದ ಮೀಟರುಗಳು ಮನೆಯ 50 ಹರ್ಟ್ಸ್ ಕರೆಂಟಿಗೆಂದು ಮಾಡಿದವು. ಆ ಆಸುಪಾಸಿನಲ್ಲಿ ಸರಿಯಾಗಿ ತೋರಿಸುತ್ತವೆ, ಮೇಲಕ್ಕೆ ಹೋದಂತೆ ನಂಬಲಾಗುವುದಿಲ್ಲ. ಎರಡು ಮುಖದ ಜ್ಯಾಕ್ ಹಾಕಿ, ಹೆಡ್‌ಫೋನ್ ಜೋಡಿಸಿದ ಸ್ಥಿತಿಯಲ್ಲೇ ಎಸಿ ವೋಲ್ಟ್ ಅಳೆಯಿರಿ. ಹೆಡ್‌ಫೋನ್ ತೆಗೆದು ಅಳೆದರೆ ಲೆಕ್ಕ ತಪ್ಪುತ್ತದೆ. ಎರಡೂ ಸಾಧನಗಳ ನಡುವಿನ ಅಂತರ ನೂರಕ್ಕೆ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚೆಂದರೆ ಸುಮಾರು 0.1 ಡೆಸಿಬೆಲ್. ಅಲ್ಲಿಯವರೆಗೆ ತಂದುಕೊಳ್ಳಿ. ಸ್ವರ ಬರುತ್ತಿರುವಾಗ ಹೆಡ್‌ಫೋನ್ ಕಿವಿಯಲ್ಲಿರಬಾರದು.

ಇನ್ನೊಂದು ಮಾತು. ನಮ್ಮ ಹಳೆಯ ಬಡಾವಣೆಗಳ ಮನೆಗಳಲ್ಲಿ ಅರ್ಥಿಂಗ್ ಸರಿಯಿರುವುದು ಅಪರೂಪ. ಲ್ಯಾಪ್‌ಟಾಪಿನ ಚಾರ್ಜರ್ ಎರಡು ಪಿನ್ನಿನದಾದರೆ ಸಣ್ಣ ಗುಂಯ್ ಶಬ್ದ ಸೇರಿಕೊಳ್ಳಬಹುದು. ಚಾರ್ಜರ್ ತೆಗೆದು ಬ್ಯಾಟರಿಯ ಮೇಲೆ ಕೇಳಿ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದು ನಮ್ಮ ಕಸುಬಿಗೂ ಸಲ್ಲುತ್ತದೆ.

ಆಳಂದದ ತಂಬೂರಿ

ಮಾನ್ಯರೇ, ನಾನು ಸಂಗೀತ ಕಲಿಸುವವನು, ಯಂತ್ರ ಬಿಚ್ಚಿದವನಲ್ಲ. ಆದರೂ ಕೇಳುವವರ ಪರವಾಗಿ ಕೆಲವು ಮಾತುಗಳನ್ನು ಹೇಳಲೇಬೇಕಾಗಿದೆ, ಏಕೆಂದರೆ ಈಚೆಗೆ ಯಾರಾದರೂ ‘ನನಗೆ ಹೀಗೆ ಕೇಳಿಸಿತು’ ಎಂದರೆ ಸಾಕು, ನಕ್ಷೆಯನ್ನು ಮುಖಕ್ಕೆ ಹಿಡಿದು ಬಾಯಿ ಮುಚ್ಚಿಸುವ ರೂಢಿ ಬೆಳೆದಿದೆ.

ತಂಬೂರಿಯ ತಂತಿ ಮತ್ತು ಅದು ಹಾಯುವ ಕುದುರೆ ಎಂಬ ಆಸರೆಯ ನಡುವೆ ಒಂದು ನೂಲಿನ ಎಳೆ ಇರುತ್ತದೆ. ಬೆರಳ ತುದಿಯಿಂದ ಅದನ್ನು ಕೂದಲಿನಷ್ಟು ಮುಂದಕ್ಕೆ ಸರಿಸಿದರೆ ಜವಾರಿ ಎಂಬ ಝೇಂಕಾರ ಅರಳುತ್ತದೆ, ಇನ್ನೊಂದು ಕೂದಲಿನಷ್ಟು ಸರಿಸಿದರೆ ಸತ್ತುಹೋಗುತ್ತದೆ. ನನ್ನ ಗುರುಗಳು ಕಣ್ಣು ಮುಚ್ಚಿ ಆ ಎಳೆಯನ್ನು ಕೂಡಿಸುತ್ತಿದ್ದರು. ತಂತಿಯ ನಾದ ಇಳಿಯುತ್ತ ಇಳಿಯುತ್ತ ಮೇಲಿನ ಸ್ವರಗಳು ಒಂದೊಂದಾಗಿ ಮುಂದೆ ಬರುವುದನ್ನು ಕೇಳಿ, ಅದು ಸರಿಯೆನಿಸಿದ ಮೇಲೆಯೇ ಬೆರಳು ತೆಗೆಯುತ್ತಿದ್ದರು. ಇಂಥ ಕಿವಿಯನ್ನು ಪ್ರಮಾಣವಲ್ಲ ಎಂದು ತಳ್ಳಿಹಾಕುವುದು ನನಗೆ ಸಾಧ್ಯವಿಲ್ಲ.

ಚರಿತ್ರೆಯೂ ಕಿವಿಯ ಪರವಾಗಿ ಸಾಕ್ಷಿ ಹೇಳಿದೆ. ವಾಲ್ವ್ ಎಂಬ ಗಾಜಿನ ಕೊಳವೆಯ ಆಂಪ್ಲಿಫೈಯರುಗಳು ಹೋಗಿ ಟ್ರಾನ್ಸಿಸ್ಟರಿನವು ಬಂದ ಹೊಸತರಲ್ಲಿ ಅವುಗಳ ವಿಕೃತಿಯ ಅಂಕಿ ಕಾಗದದ ಮೇಲೆ ಬಹಳ ಕಡಿಮೆಯಿತ್ತು, ಆದರೆ ಕೇಳಿದವರು ಕರ್ಕಶವೆಂದರು. ಅಂಕಿಯನ್ನು ಪೂರ್ಣ ಶಕ್ತಿಯಲ್ಲಿ ಅಳೆದು ಬರೆಯುತ್ತಿದ್ದರು. ದೋಷವಿದ್ದದ್ದು ಮೆಲುದನಿಯಲ್ಲಿ, ಒಂದು ಟ್ರಾನ್ಸಿಸ್ಟರ್ ಇನ್ನೊಂದಕ್ಕೆ ಕೆಲಸ ಒಪ್ಪಿಸುವ ಸಂಧಿಯಲ್ಲಿ. 1970ರಲ್ಲಿ ಫಿನ್ಲೆಂಡಿನ ಮಾಟ್ಟಿ ಒಟಾಲ ಎಂಬವರು, ನಿಂತ ಸ್ವರದಿಂದ ಅಳೆದಾಗ ಕಾಣದೆ, ನಾದ ಥಟ್ಟನೆ ಎದ್ದಾಗ ಹುಟ್ಟುವ ಇನ್ನೊಂದು ವಿಕೃತಿಯ ಬಗ್ಗೆ ಬರೆದರು. ಕಿವಿ ಮೊದಲು ದೂರಿತು, ಮೀಟರು ಆಮೇಲೆ ಬಂತು. ಎಂಪಿ3ಯನ್ನೂ ನೋಡಿ. ಮೂಲಕ್ಕೂ ಅದಕ್ಕೂ ಇರುವ ವ್ಯತ್ಯಾಸ ಮೀಟರಿನ ಲೆಕ್ಕದಲ್ಲಿ ದೊಡ್ಡದು, ಆದರೂ ಚೆನ್ನಾಗಿ ಮಾಡಿದ ಎಂಪಿ3 ಕಿವಿಗೆ ಹಿತವಾಗಿಯೇ ಇರುತ್ತದೆ. ಅಲ್ಲಿ ಯಾವುದು ಸರಿ, ಯಾವುದು ತಪ್ಪು ಎಂದು ತೀರ್ಮಾನಿಸಿದ್ದು ಕೇಳುಗರ ಕಿವಿಯೇ ಹೊರತು ವಿಕೃತಿಯ ಅಂಕಿಯಲ್ಲ.

ಪ್ರಶ್ನೆ ಕೇಳಿದವರಿಗೆ ಇಯರ್‌ಫೋನಿನಲ್ಲಿ ನಾದ ಮೆತ್ತಗಾಯಿತು ಎಂದು ಅನಿಸಿದ್ದರೆ, ಅದನ್ನು ಭ್ರಮೆ ಎನ್ನುವ ಮೊದಲು ನಾನು ಹತ್ತು ಬಾರಿ ಯೋಚಿಸುತ್ತೇನೆ. ಧ್ವನಿ ಹೆಚ್ಚಿದ್ದರಿಂದ ಆದದ್ದಾದರೆ ಚುಚ್ಚು ಹೆಚ್ಚಾಗಬೇಕಿತ್ತು, ಕಡಿಮೆಯಾಗಬಾರದಿತ್ತು.

ಬೀದರ್ ಲ್ಯಾಬ್

ಮೇಲಿನ ಇಬ್ಬರು ಹಿರಿಯರ ಮಾತುಗಳನ್ನೂ ಗೌರವದಿಂದ ಓದಿದೆ. ನಾನು ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತೇನೆ.

ಮೊದಲು ಮೆಟ್ಟಿಲಿನ ಮಾತನ್ನು ಮುಗಿಸಿಬಿಡೋಣ. ಒಂದು ನಾದದಲ್ಲಿ 22,050 ಹರ್ಟ್ಸ್‌ಗಿಂತ ಮೇಲಿನದೇನೂ ಇಲ್ಲದಿದ್ದರೆ, ಸೆಕೆಂಡಿಗೆ 44,100 ಸಲ ತೆಗೆದ ಮಾದರಿಗಳಿಂದ ಆ ನಾದವನ್ನು ಎಲ್ಲ ಕಡೆಯೂ, ಎರಡು ಮಾದರಿಗಳ ನಡುವಿನ ಜಾಗದಲ್ಲಿಯೂ, ಪೂರ್ಣವಾಗಿ ಮರಳಿ ಕಟ್ಟಬಹುದು ಎಂಬುದನ್ನು ಕ್ಲಾಡ್ ಶಾನನ್ 1949ರ ಪ್ರಬಂಧದಲ್ಲಿ ಗಣಿತದಿಂದಲೇ ತೋರಿಸಿದ್ದಾರೆ. ಡ್ಯಾಕ್‌ನ ಕೊನೆಯಲ್ಲಿರುವ ಫಿಲ್ಟರು ಮಾಡುವ ಕೆಲಸ ಅದೇ. ಆಸಿಲೋಸ್ಕೋಪಿನಲ್ಲಿ ಡ್ಯಾಕ್‌ನ ಔಟ್‌ಪುಟ್ ನೋಡಿದರೆ ಮೆಟ್ಟಿಲು ಕಾಣುವುದಿಲ್ಲ, ನುಣುಪಾದ ಅಲೆ ಕಾಣುತ್ತದೆ. ನನ್ನ ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಇದನ್ನು ತೋರಿಸುತ್ತೇನೆ. ಉಳಿಯುವುದು ಒಂದೊಂದು ಮಾದರಿಯನ್ನೂ 16 ಬಿಟ್‌ನ ಅಂಕಿಯಾಗಿ ಬರೆಯುವುದರಿಂದ ಬರುವ ಸಣ್ಣ ಹಿನ್ನೆಲೆ ಸದ್ದು ಮಾತ್ರ, ಅದು ಪೂರ್ಣ ಮಟ್ಟಕ್ಕಿಂತ ಸುಮಾರು 96 ಡೆಸಿಬೆಲ್ ಕೆಳಗಿರುತ್ತದೆ. 1982ರಲ್ಲಿ ಸಿಡಿ ಮಾರುಕಟ್ಟೆಗೆ ಬಂದಾಗ ಫಿಲಿಪ್ಸ್‌ನ ಮೊದಲ ಪ್ಲೇಯರುಗಳಲ್ಲಿ ಇದ್ದದ್ದು 14 ಬಿಟ್‌ನ ಪರಿವರ್ತಕ. ಮಾದರಿಗಳನ್ನು ನಾಲ್ಕು ಪಟ್ಟು ಹೆಚ್ಚಿಸಿ 16 ಬಿಟ್‌ನ ಹತ್ತಿರದ ಫಲ ಪಡೆಯುತ್ತಿದ್ದರು. ಪೆಟ್ಟಿಗೆಯ ಮೇಲೆ ಬರೆದ ದೊಡ್ಡ ಅಂಕಿಗೆ ಬೆರಗಾಗಬೇಕಿಲ್ಲ ಎಂಬುದಕ್ಕಾಗಿ ಇದನ್ನು ಹೇಳಿದೆ.

ಇನ್ನು 99 ಮತ್ತು 118. ಡಾಂಗಲಿನಲ್ಲಿ ಸದ್ದು ಮತ್ತು ವಿಕೃತಿ ಎರಡೂ ಸೇರಿ ಮೂಲ ಸ್ವರದ ಸುಮಾರು 90,000ದಲ್ಲಿ ಒಂದು ಪಾಲು. ಹೊಸ ಪೆಟ್ಟಿಗೆಯಲ್ಲಿ ಸುಮಾರು 8 ಲಕ್ಷದಲ್ಲಿ ಒಂದು ಪಾಲು. ನಮ್ಮ ಭಾಗದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಕೂಲರ್ ಹಾಕದೆ ಕೂರಲಾಗುವುದಿಲ್ಲ. ಮೊಬೈಲಿನ ಆ್ಯಪ್‌ನಲ್ಲಿ ನೋಡಿದಾಗ ನನ್ನ ಕೂಲರು ಕೋಣೆಯಲ್ಲಿ 55 ಡೆಸಿಬೆಲ್‌ನಷ್ಟು ಸದ್ದು ತುಂಬುತ್ತದೆ. ಗಾಯಕರ ತಾರ ಸ್ವರ 90ಕ್ಕೆ ಏರಿದರೂ ಕೂಲರಿನ ಸದ್ದಿಗೂ ಅದಕ್ಕೂ ನಡುವೆ 35 ಡೆಸಿಬೆಲ್ ಮಾತ್ರ. 99ಕ್ಕೂ 118ಕ್ಕೂ ಇರುವ ಅಂತರ ಆ ಸದ್ದಿನ ತಳದಲ್ಲಿ ಎಲ್ಲೋ ಮುಳುಗಿರುತ್ತದೆ. ಅಷ್ಟರ ಮಟ್ಟಿಗೆ ನಿಮ್ಮ ಸಹೋದ್ಯೋಗಿ ಹೇಳಿದ್ದು ಸರಿ. ಆದರೆ ಆ ಒಂದೇ ಅಂಕಿಯಿಂದ ಇಡೀ ಸಾಧನವನ್ನು ಅಳೆದಾಯಿತು ಎಂದು ಅವರು ಭಾವಿಸಿದ್ದರೆ ಅದು ತಪ್ಪು.

ಆಳಂದದ ಗುರುಗಳು ಹೇಳಿದ ಚರಿತ್ರೆಯೆಲ್ಲ ನಿಜ. ಅದರ ಮುಂದಿನ ಭಾಗವನ್ನು ನಾನು ಸೇರಿಸುತ್ತೇನೆ. ಟ್ರಾನ್ಸಿಸ್ಟರಿನ ಕರ್ಕಶ ನಾದವನ್ನು ಕಿವಿ ಕಂಡುಹಿಡಿದ ಮೇಲೆ ಅದನ್ನು ಮೆಲುದನಿಯಲ್ಲಿಯೂ ಅಳೆಯುವ ಕ್ರಮ ಬಂತು, ದೋಷ ಸಿಕ್ಕಿತು, ಸರಿಹೋಯಿತು. ಎಂಪಿ3ಯಂಥವುಗಳನ್ನು ಕಿವಿಯಿಂದಲೇ ತೂಗಿದರು ಎಂಬುದೂ ನಿಜ. ಆದರೆ ಹಾಗೆ ತೂಗುವಾಗ ಯಾವುದು ಮೂಲ, ಯಾವುದು ಎಂಪಿ3 ಎಂದು ಕೇಳುಗರಿಗೆ ತಿಳಿಯದಂತೆ ನೋಡಿಕೊಂಡರು. ಗುರುಗಳು ಕಣ್ಣು ಮುಚ್ಚಿ ಎಳೆ ಕೂಡಿಸುತ್ತಿದ್ದರು ಎಂದು ನೀವೇ ಬರೆದಿದ್ದೀರಿ. ನಾನು ಕೇಳುವುದೂ ಅಷ್ಟನ್ನೇ.

ಏಕೆಂದರೆ ಕಣ್ಣು ತೆರೆದಾಗ ಕಿವಿಯ ತೀರ್ಪು ಬದಲಾಗುತ್ತದೆ. ಧ್ವನಿ ಸಂಶೋಧಕರಾದ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ 1994ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 40 ಮಂದಿ ಅವೇ ಸ್ಪೀಕರುಗಳನ್ನು ಪರದೆಯ ಹಿಂದೆ ಒಮ್ಮೆ, ಕಣ್ಣೆದುರು ಒಮ್ಮೆ ಕೇಳಿ ಅಂಕ ಕೊಟ್ಟರು. ಅವರೆಲ್ಲರೂ ಸ್ಪೀಕರ್ ತಯಾರಿಸುವ ಕಂಪನಿಯ ನೌಕರರೇ, ಅರಿಯದವರಲ್ಲ. ಪರದೆ ಸರಿದೊಡನೆ ಅಂಕಗಳು ಬದಲಾದವು. 2007ರಲ್ಲಿ ಮೇಯರ್ ಮತ್ತು ಮೋರಾನ್ ಎಂಬವರು ಸಿಡಿಗಿಂತ ಉನ್ನತ ದರ್ಜೆಯ ಡಿಸ್ಕುಗಳ ನಾದದ ನಡುವೆ ಸಿಡಿ ಮಟ್ಟದ ಪರಿವರ್ತಕವನ್ನು ಸೇರಿಸಿ, ತೆಗೆದು, ಗುರುತಿಸಿ ಎಂದರು. 554 ಪ್ರಯತ್ನಗಳಲ್ಲಿ 276 ಸರಿಯಾದವು. ಬರೀ ನಾಣ್ಯ ಚಿಮ್ಮಿದ್ದರೂ ಹೆಚ್ಚು ಕಡಿಮೆ ಅಷ್ಟೇ ಬರುತ್ತಿತ್ತು. ಇದಕ್ಕೆ ಎದುರಾಗಿ 2016ರಲ್ಲಿ ಜೋಶುವಾ ರೀಸ್ ಅವರು 18 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಉನ್ನತ ದರ್ಜೆಯನ್ನು ಗುರುತಿಸಿದ ಪ್ರಮಾಣ ಊಹೆಗಿಂತ ಸ್ವಲ್ಪ ಹೆಚ್ಚಾಗಿ, ನೂರಕ್ಕೆ 52ರ ಆಸುಪಾಸಿನಲ್ಲಿ ಇತ್ತು. ತರಬೇತಿ ಪಡೆದವರಲ್ಲಿ ಅದು 60ರ ಸಮೀಪ ಹೋಯಿತು. ಎರಡನ್ನೂ ಒಟ್ಟಿಗೆ ಇಟ್ಟು ಓದಬೇಕು. ವ್ಯತ್ಯಾಸ ಇದ್ದರೂ ಅದು ಬಹಳ ಸೂಕ್ಷ್ಮ. ಮೊದಲ ರಾತ್ರಿಯೇ ತಬಲಾಕ್ಕೆ ತೂಕ ತರುವಷ್ಟು ದೊಡ್ಡದಲ್ಲ.

ನೀವು ಮಾಡಬೇಕಾದದ್ದು ಇಷ್ಟು. ಮೆಕ್ಯಾನಿಕ್ ಕಾಕಾ ಹೇಳಿದಂತೆ ಮಟ್ಟ ಸಮ ಮಾಡಿ. ಮನೆಯವರೊಬ್ಬರು ನಿಮಗೆ ಕಾಣದಂತೆ ಕುಳಿತು, ಪ್ರತಿ ಸಲ ನಾಣ್ಯ ಚಿಮ್ಮಿ, ಬಂದಂತೆ ಸಾಧನ ಬದಲಿಸಲಿ. ಅವರ ಮುಖವೂ ನಿಮಗೆ ಕಾಣಬಾರದು. ಹಾಡಿನ ಹತ್ತು ಸೆಕೆಂಡಿನ ಒಂದೇ ತುಣುಕನ್ನು ಬಳಸಿ, ಏಕೆಂದರೆ ನಾದದ ಸೂಕ್ಷ್ಮ ನೆನಪು ಕೆಲವೇ ಸೆಕೆಂಡು ನಿಲ್ಲುತ್ತದೆ. ಹದಿನಾರು ಸಲ ಮಾಡಿ. ಹನ್ನೆರಡು ಅಥವಾ ಹೆಚ್ಚು ಸರಿಯಾದರೆ ನಿಮಗೆ ನಿಜವಾಗಿ ಕೇಳಿಸುತ್ತಿದೆ ಎಂದು ಒಪ್ಪುತ್ತೇನೆ. ಬರೀ ಊಹೆಯಿಂದ ಅಷ್ಟು ಬರುವುದು ನೂರರಲ್ಲಿ ನಾಲ್ಕು ಸಲಕ್ಕಿಂತ ಕಡಿಮೆ. ಹೆಡ್‌ಫೋನಿಗೆ ಬೇರೆ, ಇಯರ್‌ಫೋನಿಗೆ ಬೇರೆ ಮಾಡಿ. ಎರಡರ ಬಗ್ಗೆ ನೀವು ಎರಡು ರೀತಿಯಾಗಿ ಬರೆದಿರುವುದು ನನ್ನ ಕುತೂಹಲವನ್ನು ಕೆರಳಿಸಿದೆ.

ಬ್ರಹ್ಮಪುರದ ಕೇಳುಗ, ಕಲಬುರಗಿ

ಎಲ್ಲರ ಸಲಹೆಗಳಿಗೂ ಋಣಿ. ಭಾನುವಾರ ಬೆಳಗಿನ ಐದು ಗಂಟೆಗೆ, ಕೂಲರ್ ಮತ್ತು ಫ್ಯಾನ್ ಆರಿಸಿ ಪರೀಕ್ಷೆ ಮಾಡಿದೆ. ಪಿಯುಸಿ ಓದುವ ನನ್ನ ಮಗಳು ಬಾಗಿಲ ಆಚೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತಳು, ಉದ್ದದ ತಂತಿಯೊಂದು ಬಾಗಿಲ ಸಂದಿಯಿಂದ ನನ್ನ ಕಡೆಗೆ ಬಂತು.

ಮೊದಲು ಮಟ್ಟದ ವಿಷಯ. ನಾನು ಈವರೆಗೆ ಸಮವೆಂದು ಭಾವಿಸಿ ಗುಂಡಿಯ ಮೇಲೆ ಪೆನ್ಸಿಲ್ ಗುರುತು ಹಾಕಿಕೊಂಡಿದ್ದ ಜಾಗದಲ್ಲಿ ಡಾಂಗಲ್ 0.412 ವೋಲ್ಟ್, ಹೊಸ ಪೆಟ್ಟಿಗೆ 0.447 ವೋಲ್ಟ್ ತೋರಿಸಿದವು. ಲೆಕ್ಕ ಹಾಕಿದರೆ 0.7 ಡೆಸಿಬೆಲ್. ಹೊಸದೇ ಹೆಚ್ಚಿತ್ತು.

ಪರೀಕ್ಷೆಯ ಮೊದಲ ಐದು ಪ್ರಯತ್ನಗಳು ಹಾಳಾದವು. ಐದಕ್ಕೆ ಐದೂ ಸರಿಯಾದಾಗ ಬಹಳ ಸಂತೋಷಪಟ್ಟೆ. ಆಮೇಲೆ ಗಮನಕ್ಕೆ ಬಂತು: ಹೊಸ ಪೆಟ್ಟಿಗೆಗೆ ಬದಲಿಸಿದಾಗ ಅದರೊಳಗಿನ ರಿಲೇ ಎಂಬ ಸ್ವಿಚ್ ‘ಟಿಕ್’ ಎನ್ನುತ್ತಿತ್ತು, ಬೆಳಗಿನ ನಿಶ್ಶಬ್ದದಲ್ಲಿ ಅದು ಬಾಗಿಲ ಆಚೆಯಿಂದಲೂ ಕೇಳುತ್ತಿತ್ತು. ನಾನು ಅದನ್ನು ಕೇಳುತ್ತಿದ್ದೇನೆಂದು ನನಗೇ ತಿಳಿದಿರಲಿಲ್ಲ. ಆ ಐದನ್ನು ಹೊಡೆದುಹಾಕಿ, ಪ್ರತಿ ಸಲವೂ ಮಗಳು ಎರಡೂ ಕಡೆಗೆ ಒಮ್ಮೆ ಬದಲಿಸಿ, ಪೆಟ್ಟಿಗೆಯ ಮೇಲೆ ಕೌದಿ ಮುಚ್ಚಿ, ಕೊನೆಗೆ ನಾಣ್ಯ ಹೇಳಿದ ಕಡೆ ನಿಲ್ಲಿಸುವಂತೆ ಮಾಡಿದೆವು.

ಹೆಡ್‌ಫೋನಿನಲ್ಲಿ 16ಕ್ಕೆ 9 ಸರಿಯಾದವು. ಬಿಡಿಸಿಟ್ಟಂತೆ ಕೇಳುತ್ತಿದ್ದ ತಂಬೂರಿ ಎರಡರಲ್ಲೂ ಒಂದೇ ಆಗಿತ್ತು. ಅರ್ಧಕ್ಕೆ ಬರುವಷ್ಟರಲ್ಲಿ ನಾನು ಊಹೆ ಮಾಡುತ್ತಿದ್ದೇನೆಂಬುದು ನನಗೇ ಸ್ಪಷ್ಟವಾಗಿತ್ತು.

ಆದರೆ ಇಯರ್‌ಫೋನಿನಲ್ಲಿ, ಅದಕ್ಕಾಗಿ ಮಟ್ಟವನ್ನು ಮತ್ತೆ ಸಮ ಮಾಡಿದ ಮೇಲೂ, 16ಕ್ಕೆ 16 ಸರಿಯಾದವು. ಎರಡನೆಯ ಸೆಕೆಂಡಿಗೇ ಗೊತ್ತಾಗುತ್ತಿತ್ತು. ಮಗಳನ್ನು ಕೂರಿಸಿ ನಾನು ಬಾಗಿಲ ಆಚೆ ಹೋದಾಗ ಅವಳಿಗೂ 16ಕ್ಕೆ 16 ಬಂತು. ಹೊಸ ಪೆಟ್ಟಿಗೆಯಲ್ಲಿ ನಾದ ಮೆತ್ತಗಿರುವುದು ನಿಜ. ಹಾಗಾದರೆ ನಕ್ಷೆ ಇದನ್ನು ಏಕೆ ತೋರಿಸಲಿಲ್ಲ?

ಸೂಪರ್ ಮಾರ್ಕೆಟ್ ಮೆಕ್ಯಾನಿಕ್, ಕಲಬುರಗಿ

ಸರ್, ರಿಲೇಯ ಸದ್ದನ್ನು ನೀವೇ ಹಿಡಿದು ಐದು ಸರಿ ಉತ್ತರಗಳನ್ನು ಹೊಡೆದುಹಾಕಿದ್ದು ಓದಿ ಬಹಳ ಸಂತೋಷವಾಯಿತು.

ನಿಮ್ಮ ಪ್ರಶ್ನೆಗೆ ಉತ್ತರ ಔಟ್‌ಪುಟ್ ಇಂಪೀಡೆನ್ಸ್‌ನಲ್ಲಿ, ಅಂದರೆ ಪೆಟ್ಟಿಗೆಯ ಒಳತಡೆಯಲ್ಲಿ, ಇರಬೇಕು ಎಂದು ನನ್ನ ಅನುಮಾನ. ಇಯರ್‌ಫೋನ್ ತೆಗೆದು ಅದೇ 100 ಹರ್ಟ್ಸ್ ಸ್ವರವನ್ನು 0.400 ವೋಲ್ಟಿಗೆ ನಿಲ್ಲಿಸಿ. ಬಳಿಕ ಇಯರ್‌ಫೋನಿನ ಜಾಗದಲ್ಲಿ 33 ಓಮ್‌ನ ರೆಸಿಸ್ಟರ್ ಒಂದನ್ನು ಹಾಕಿ ಮತ್ತೆ ಅಳೆಯಿರಿ. ವೋಲ್ಟ್ ಎಷ್ಟು ಕುಸಿಯುತ್ತದೆ ಎಂಬುದರಿಂದ ಒಳಗಿನ ತಡೆ ಎಷ್ಟೆಂದು ತಿಳಿಯುತ್ತದೆ. ರೆಸಿಸ್ಟರ್ ಇಲ್ಲದಿದ್ದರೆ ಅಂಗಡಿಗೆ ಬನ್ನಿ, ಕೊಡುತ್ತೇನೆ, ಅದಕ್ಕೆ ಹಣವೇನೂ ಬೇಡ.

ಬ್ರಹ್ಮಪುರದ ಕೇಳುಗ, ಕಲಬುರಗಿ

ಅಳೆದೆ. ಡಾಂಗಲ್ 0.400ರಿಂದ 0.394ಕ್ಕೆ ಇಳಿಯಿತು. ಹೊಸ ಪೆಟ್ಟಿಗೆ 0.400ರಿಂದ 0.307ಕ್ಕೆ ಬಿತ್ತು.

ಬೀದರ್ ಲ್ಯಾಬ್

ಹಾಗಾದರೆ ಡಾಂಗಲಿನ ಒಳತಡೆ ಅರ್ಧ ಓಮ್, ಹೊಸ ಪೆಟ್ಟಿಗೆಯದು ಸರಿಯಾಗಿ 10 ಓಮ್. ಗಂಟು ಇಲ್ಲಿದೆ.

ಮೂರು ಡ್ರೈವರ್‌ಗಳಿರುವ ಇಯರ್‌ಫೋನಿನ ತಡೆ ಎಲ್ಲ ಸ್ವರಗಳಿಗೂ ಒಂದೇ ಇರುವುದಿಲ್ಲ. ಉದಾಹರಣೆಗೆ ಕೆಳಗಿನ ಸ್ವರಗಳಲ್ಲಿ 30 ಓಮ್ ಇದ್ದು, ಮೇಲಿನ ಸ್ವರಗಳಲ್ಲಿ 8 ಓಮ್‌ಗೆ ಇಳಿಯುತ್ತದೆ ಎಂದುಕೊಳ್ಳಿ. ಇಂಥ ಏರಿಳಿತ ಈ ಬಗೆಯ ಇಯರ್‌ಫೋನುಗಳಲ್ಲಿ ಸಾಮಾನ್ಯ. 10 ಓಮ್ ಒಳತಡೆಯ ಮೂಲಕ ಹಾಯ್ದಾಗ ಕೆಳಗಿನ ಸ್ವರ ಎರಡೂವರೆ ಡೆಸಿಬೆಲ್ ಕಳೆದುಕೊಂಡರೆ ಮೇಲಿನದು 7 ಡೆಸಿಬೆಲ್ ಕಳೆದುಕೊಳ್ಳುತ್ತದೆ. ಅಂದರೆ ಮೇಲಿನ ಸ್ವರಗಳು ಉಳಿದವುಗಳಿಗಿಂತ ನಾಲ್ಕೂವರೆ ಡೆಸಿಬೆಲ್ ಕುಗ್ಗುತ್ತವೆ. ಅರ್ಧ ಓಮ್‌ನ ಡಾಂಗಲಿನಲ್ಲಿ ಇದೇ ಅಂತರ 0.4 ಡೆಸಿಬೆಲ್ ಮಾತ್ರ. ಸಕಾರ ಶಕಾರಗಳ ಚುಚ್ಚು ಇಳಿಯಿತು ಎಂದು ಮೊದಲ ದಿನವೇ ಬರೆದಿರಲ್ಲ, ಅದು ಇದೇ. ಪ್ಲೇನಾರ್ ಹೆಡ್‌ಫೋನಿನ ತಡೆ ಎಲ್ಲ ಸ್ವರಗಳಿಗೂ ಹೆಚ್ಚು ಕಡಿಮೆ ಒಂದೇ. ಆದ್ದರಿಂದ ಅದರಲ್ಲಿ ಮಟ್ಟ ಮಾತ್ರ ಇಳಿಯಿತು, ಅದನ್ನು ನೀವು ಸಮ ಮಾಡಿದಿರಿ, ವ್ಯತ್ಯಾಸ ಮಾಯವಾಯಿತು.

ಸಹೋದ್ಯೋಗಿ ತೋರಿಸಿದ ನಕ್ಷೆ ಸುಳ್ಳಲ್ಲ. ಅಂಥ ನಕ್ಷೆಗಳನ್ನು ಸಾಮಾನ್ಯವಾಗಿ ಸ್ಥಿರ ರೆಸಿಸ್ಟರಿನ ಮೇಲೆ ಅಳೆಯುತ್ತಾರೆ. ಅದರ ಮೇಲೆ ಅಳೆದಾಗ 10 ಓಮ್ ಇರಲಿ, ಅರ್ಧ ಓಮ್ ಇರಲಿ, ಗೆರೆ ನೇರವಾಗಿಯೇ ಬರುತ್ತದೆ. ನಿಮ್ಮ ಇಯರ್‌ಫೋನಿನ ಬಗ್ಗೆ ಆ ನಕ್ಷೆಯನ್ನು ಯಾರೂ ಕೇಳಿರಲಿಲ್ಲ. ನಿಮ್ಮ ಕಿವಿ ಕೇಳಿತು.

ನನ್ನ ಹಿಂದಿನ ಬರಹಕ್ಕೂ ಒಂದು ತಿದ್ದುಪಡಿ ಮಾಡಬೇಕು. ಹೆಡ್‌ಫೋನಿನಲ್ಲಿ ಬಂದ 9 ಎಂಬ ಅಂಕಿಯಿಂದ ‘ಎರಡರಲ್ಲೂ ಯಾರಿಗೂ ವ್ಯತ್ಯಾಸ ಕೇಳದು’ ಎಂದು ಸಿದ್ಧವಾಗುವುದಿಲ್ಲ. ಆ ಬೆಳಗ್ಗೆ, ಆ ತುಣುಕಿನಲ್ಲಿ ನಿಮಗೆ ಕೇಳಿಸಲಿಲ್ಲ ಎಂದಷ್ಟೇ ಹೇಳಬಹುದು. ಕೊಳ್ಳುವ ತೀರ್ಮಾನಕ್ಕೆ ಅಷ್ಟು ಸಾಕು ಎಂಬುದು ನನ್ನ ಅಭಿಪ್ರಾಯ.

ಸೂಪರ್ ಮಾರ್ಕೆಟ್ ಮೆಕ್ಯಾನಿಕ್, ಕಲಬುರಗಿ

ಒಂದು ಕೆಲಸ ಮಾಡೋಣ ಸರ್. ಸಣ್ಣ ಎಕ್ಸ್‌ಟೆನ್ಷನ್ ತಂತಿಯೊಂದನ್ನು ಕತ್ತರಿಸಿ, ಎಡ ಮತ್ತು ಬಲದ ಎಳೆಗಳಿಗೆ ಒಂದೊಂದು 10 ಓಮ್ ರೆಸಿಸ್ಟರ್ ಕೂಡಿಸಿ ಸೋಲ್ಡರ್ ಮಾಡಿಕೊಡುತ್ತೇನೆ. ಗ್ರೌಂಡಿನ ಎಳೆಯನ್ನು ಮುಟ್ಟಬಾರದು. ಅದಕ್ಕೆ ಹಾಕಿದರೆ ಎಡ ಬಲಗಳು ಒಂದರೊಳಗೊಂದು ಸೋರುತ್ತವೆ. ಡಾಂಗಲಿಗೆ ಈ ತಂತಿ ಸಿಕ್ಕಿಸಿ ಇಯರ್‌ಫೋನ್ ಹಾಕಿ ಕೇಳಿ. ನಮ್ಮ ಲೆಕ್ಕ ಸರಿಯಿದ್ದರೆ 900 ರೂಪಾಯಿಯ ಡಾಂಗಲಿನಿಂದ ನಿಮಗೆ ಮೆಚ್ಚಿಗೆಯಾದ ಆ ಮೆತ್ತನೆಯ ನಾದವೇ ಬರಬೇಕು. ಬಾರದಿದ್ದರೆ ನಾವಿಬ್ಬರೂ ತಪ್ಪು, ಆಗ ಬೇರೆ ಕಾರಣ ಹುಡುಕೋಣ.

ಬ್ರಹ್ಮಪುರದ ಕೇಳುಗ, ಕಲಬುರಗಿ

ಸಾಯಂಕಾಲ ಕಾಕಾ ಅವರ ಅಂಗಡಿಗೆ ಹೋಗಿದ್ದೆ. ಅಂಗೈಯಗಲದ ತಂತಿ, ಒಳಗೆ ಜೋಳದ ಕಾಳಿಗಿಂತ ಸ್ವಲ್ಪ ಉದ್ದನೆಯ ಎರಡು ನೀಲಿ ರೆಸಿಸ್ಟರುಗಳು, ಮೇಲೆ ಕಪ್ಪು ಸ್ಲೀವ್. ಹತ್ತು ನಿಮಿಷದಲ್ಲಿ ಮಾಡಿಕೊಟ್ಟರು.

ಇಂದು ಬೆಳಗ್ಗೆ ಮತ್ತೆ ಹಳೆಯ ಕ್ರಮದಲ್ಲೇ ಪರೀಕ್ಷೆ ಮಾಡಿದೆವು. ಒಂದು ಕಡೆ ಡಾಂಗಲ್ ಮತ್ತು ಈ ತಂತಿ, ಇನ್ನೊಂದು ಕಡೆ ಹೊಸ ಪೆಟ್ಟಿಗೆ, ಕಿವಿಯಲ್ಲಿ ಅದೇ ಇಯರ್‌ಫೋನ್. ಮೊನ್ನೆ 16ಕ್ಕೆ 16 ಗುರುತಿಸಿದ್ದ ನಾನು ಇಂದು 8 ಗುರುತಿಸಿದೆ. ಮಗಳು 7.

ಪೆಟ್ಟಿಗೆಯನ್ನು ಮರಳಿಸುತ್ತಿದ್ದೇನೆ. ಆ ಮೆತ್ತನೆಯ ನಾದ ಮಾತ್ರ ನನಗೆ ಈಗಲೂ ಇಷ್ಟ. ತಂತಿಯನ್ನು ಡಾಂಗಲಿನಿಂದ ತೆಗೆಯುವುದಿಲ್ಲ. ಹಣ ಬಂದ ಮೇಲೆ ತಂದೆಯವರ ಕಾಲದ ಸ್ಪೀಕರುಗಳನ್ನು ನಡುಮನೆಯಲ್ಲಿ ಸರಿಪಡಿಸಿ ಇಡುವ ಆಸೆಯಿದೆ. ನೆಲಕ್ಕೆ ಶಹಾಬಾದ್ ಕಲ್ಲು, ಗೋಡೆಯೂ ಕಲ್ಲಿನದೇ. ಚಪ್ಪಾಳೆ ತಟ್ಟಿದರೆ ಸದ್ದು ಬಹಳ ಹೊತ್ತು ತಿರುಗುತ್ತದೆ. ಅದಕ್ಕೆ ಏನು ಮಾಡಬೇಕೆಂದು ಬೇರೆ ಪ್ರಶ್ನೆಯಾಗಿ ಕೇಳುತ್ತೇನೆ.

ಬೀದರ್ ಲ್ಯಾಬ್

ಖಂಡಿತ ಕೇಳಿ. ಡ್ಯಾಕ್‌ಗಳ ನಡುವೆ ನೀವು ಹುಡುಕಿದ ವ್ಯತ್ಯಾಸಕ್ಕಿಂತ ಅದು ಎಷ್ಟೋ ಪಟ್ಟು ದೊಡ್ಡದು. 12 ಅಡಿ ಅಗಲ, 14 ಅಡಿ ಉದ್ದ, 10 ಅಡಿ ಎತ್ತರದ ಬರಿಗಲ್ಲಿನ ಕೋಣೆಯಲ್ಲಿ ಮೇಲ್ಮೈ ಸರಾಸರಿ ನೂರಕ್ಕೆ ಐದು ಪಾಲು ಸದ್ದನ್ನು ಹೀರುತ್ತದೆ ಎಂದುಕೊಂಡರೆ, ಸೇಬೈನ್ ಸೂತ್ರದ ಪ್ರಕಾರ ಅನುರಣನ ಸುಮಾರು 2 ಸೆಕೆಂಡು ನಿಲ್ಲುತ್ತದೆ. ದಪ್ಪ ಗಾದಿ, ಕೌದಿಗಳನ್ನು ಹಾಸಿ ತೂಗುಹಾಕಿದರೆ ನಡು ಮತ್ತು ಮೇಲಿನ ಸ್ವರಗಳಲ್ಲಿ ಅದು ಅರ್ಧಕ್ಕೆ ಇಳಿಯಬಹುದು. ಮಂದ್ರಕ್ಕೆ ಬೇರೆ ಉಪಾಯ ಬೇಕು. ಕೋಣೆಯ ಅಳತೆಗಳನ್ನು ಬರೆಯಿರಿ.

ಆಳಂದದ ತಂಬೂರಿ

ಎಲ್ಲವನ್ನೂ ಓದಿದೆ. ಇಯರ್‌ಫೋನಿನ ವಿಷಯದಲ್ಲಿ ಕಿವಿಯ ಮಾತು ಉಳಿಯಿತು ಎಂಬ ಸಂತೋಷವಿದೆ. ಹೆಡ್‌ಫೋನಿನ ವಿಷಯದಲ್ಲಿ ಅದೇ ಕಿವಿ 0.7 ಡೆಸಿಬೆಲ್‌ಗೆ ಮರುಳಾಯಿತು ಎಂಬುದನ್ನೂ ಒಪ್ಪುತ್ತೇನೆ. ನನ್ನ ಬಳಿಯೂ ಎರಡು ಡ್ಯಾಕ್‌ಗಳಿವೆ. ಅವುಗಳಲ್ಲಿ ಒಂದು ತಂಬೂರಿಗೆ ಚೆನ್ನ, ಇನ್ನೊಂದು ಅಲ್ಲ ಎಂದು ನಾಲ್ಕು ವರ್ಷಗಳಿಂದ ಶಿಷ್ಯರಿಗೆ ಹೇಳುತ್ತ ಬಂದಿದ್ದೇನೆ, ಆದರೆ ಮೀಟರು ಹಿಡಿದು ಅವುಗಳ ಮಟ್ಟವನ್ನು ಒಮ್ಮೆಯೂ ನೋಡಿಲ್ಲ. ಬ್ರಹ್ಮಪುರದವರು ಬಿಡುವಾದಾಗ ಮಗಳನ್ನು ಕರೆದುಕೊಂಡು, ಆ ತಂತಿ ಮತ್ತು ಮೀಟರನ್ನು ತೆಗೆದುಕೊಂಡು ಒಂದು ಭಾನುವಾರ ಆಳಂದಕ್ಕೆ ಬನ್ನಿ. ನನ್ನದೇ ತಂಬೂರಿಯನ್ನು ರೆಕಾರ್ಡ್ ಮಾಡಿ ಇಟ್ಟಿರುತ್ತೇನೆ. ಬಾಗಿಲ ಈಚೆ ನಾನು ಕೂರುತ್ತೇನೆ.